ಹೃದಯ ಬಿಟ್ಟು ಉಳಿದದ್ದಕ್ಕೆ

೨೨ ಆಗಸ್ಟ್ ೨೦೧೯, ಗುರುವಾರ

ಇವರು ಇವತ್ತು ಕೇಕಿನ ಡಬ್ಬಿ ಹಿಡಿದುಕೊಂಡು ಮನೆಗೆ ಬಂದರು. ಯಾರ ಹುಟ್ಟುಹಬ್ಬವೂ ಅಲ್ಲ. ಕಂಪೆನಿಯಲ್ಲಿ ಐವತ್ತೈದು ದಾಟಿದವರನ್ನು ಕರೆದು ಅವಧಿಗೆ ಮೊದಲೇ ನಿವೃತ್ತಿ ಕೊಡುತ್ತಿದ್ದಾರಂತೆ. ಎಣ್ಣೆಬಾವಿಯವರಿಂದ ಹೊಸ ಕೆಲಸಗಳು ಬರುತ್ತಿಲ್ಲ. ಕೇಳಿದ ಕೂಡಲೇ ಇವರು ಸಹಿ ಹಾಕಿ ಬಂದಿದ್ದಾರೆ. ಈ ಕೊಲ್ಲಿ ದೇಶಕ್ಕೆ ಬಂದು ಮುಸಫ್ಫಾದ ಆ ಗೋದಾಮಿನಲ್ಲಿ ಪೈಪು, ವಾಲ್ವು, ಬೋಲ್ಟುಗಳ ನಡುವೆ ಇಪ್ಪತ್ತೇಳು ವರ್ಷ ಕಳೆದ ಮನುಷ್ಯ. ಕೇಕ್ ಕತ್ತರಿಸುವಾಗ ಶಾಲೆಗೆ ರಜೆ ಸಿಕ್ಕಿದ ಹುಡುಗನ ಹಾಗೆ ಇದ್ದರು.

"ಸೆಪ್ಟೆಂಬರ್ ಕೊನೆಗೆ ಖಲಾಸ್," ಅಂದರು. "ಮತ್ತೆ ಶೈಮಾನ ಪರೀಕ್ಷೆ ಮುಗಿಯುವವರೆಗೆ ಕಾಲು ಚಾಚಿ ಕೂತ್ಕೊಳ್ಳೂದು. ಏಪ್ರಿಲಿಗೆ ಊರು, ಪಾಣೆಮಂಗಳೂರು."

ಮಗಳು ಶೈಮಾ ಹನ್ನೆರಡನೆಯ ತರಗತಿ. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಅಲ್ಲಿಯವರೆಗೆ ನಾವು ಇಲ್ಲಿಂದ ಕದಲುವಂತಿಲ್ಲ.

ಮಗಳು ಒಂದು ತುಂಡು ತಿಂದು, "ಕಂಗ್ರಾಟ್ಸ್ ಉಪ್ಪ" ಎಂದು ಹೇಳಿ ಓದಲು ಹೋದಳು. ಉಪ್ಪನಿಗೆ ಸಕ್ಕರೆ ಕಾಯಿಲೆ ಎಂದು ನಾನು ಕೇಕನ್ನು ಫ್ರಿಜ್ಜಿನ ಹಿಂಬದಿಗೆ ತಳ್ಳಿದೆ.

ಈ ಡೈರಿ ಜನವರಿಯಲ್ಲಿ ನಾನು ಕೆಲಸ ಮಾಡುವ ಶಾಲೆಯವರು ಕೊಟ್ಟದ್ದು, ಖಾಲಿ ಬಿದ್ದಿತ್ತು. ಇವತ್ತು ಯಾಕೋ ಬರೆಯಬೇಕೆನಿಸಿತು. ಮಗಳಿಗೆ ಕನ್ನಡ ಓದಲು ಬಾರದು, ಇವರಿಗೆ ಓದುವ ಅಭ್ಯಾಸವಿಲ್ಲ. ಅಡಗಿಸಿಡುವ ಕಷ್ಟವಿಲ್ಲ.

೨೭ ಆಗಸ್ಟ್, ಮಂಗಳವಾರ

ಕಂಪೆನಿಯ ಕಚೇರಿಯಿಂದ ಇವರು ಮಧ್ಯಾಹ್ನವೇ ಬಂದರು. ಊಟ ಬೇಡ ಅಂದರು. ಆಮೇಲೆ ತಾನೇ ಬಡಿಸಿಕೊಂಡು ಉಂಡರು.

ವೀಸಾದಲ್ಲಿ ಮುಂದಿನ ಮೇ ತಿಂಗಳವರೆಗೆ ದಿನಾಂಕವಿರುವುದರಿಂದ ಅಲ್ಲಿಯವರೆಗೆ ವೀಸಾವೂ ಆಸ್ಪತ್ರೆಯ ವಿಮೆ ಕಾರ್ಡೂ ಇರುತ್ತವೆ ಎಂದು ಇವರು ಭಾವಿಸಿದ್ದರು. ಹಾಗಲ್ಲವಂತೆ. ಕೆಲಸ ಮುಗಿದ ಮೇಲೆ ಕಂಪೆನಿ ವೀಸಾ ರದ್ದು ಮಾಡುತ್ತದೆ. ಆ ದಿನವೇ ಕಾರ್ಡೂ ರದ್ದು. ಆಮೇಲೆ ಒಂದು ತಿಂಗಳು ದೇಶದಲ್ಲಿ ಇರಬಹುದು, ಅಷ್ಟೆ. ನಾನೂ ಶೈಮಾಳೂ ಇವರ ವೀಸಾದ ಮೇಲೆಯೇ ಇರುವವರು. ನಾನು ಶಾಲೆಯಲ್ಲಿ ಶಿಶುವಿಹಾರದ ಸಹಾಯಕಿಯಾಗಿ ದುಡಿಯುವುದೂ ಇವರ ವೀಸಾದಲ್ಲೇ.

"ನೀವು ಸಹಿ ಹಾಕುವಾಗ ಕೇಳ್ಲಿಲ್ವಾ?" ಅಂದೆ.

"ಎಂತ ಕೇಳೂದು? ಕೇಕ್ ತಂದಿಟ್ಟಿದ್ರು."

ನಗು ಬಂತು, ತಡೆದುಕೊಂಡೆ. ಐದು ವರ್ಷಗಳ ಹಿಂದೆ ಇವರ ಹೃದಯಕ್ಕೆ ಎರಡು ಸ್ಟೆಂಟ್ ಹಾಕಿದ್ದಾರೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆ, ದಿನಾ ಏಳು ಬಗೆಯ ಮಾತ್ರೆ. ಎಲ್ಲವೂ ಆ ಕಾರ್ಡಿನಲ್ಲಿ ನಡೆಯುತ್ತಿತ್ತು. ಕಾರ್ಡು ಇದೆ ಎಂಬುದೇ ಮರೆತುಹೋಗುವಷ್ಟು ಸಲೀಸಾಗಿತ್ತು.

೩೦ ಆಗಸ್ಟ್, ಶುಕ್ರವಾರ

ಜುಮಾ ನಮಾಜ್ ಮುಗಿದ ಮೇಲೆ ನಾರ್ಬರ್ಟ್ ಬಂದಿದ್ದರು. ಮುಲ್ಕಿಯವರು. ಮೊದಲು ಇವರ ಕಂಪೆನಿಯಲ್ಲೇ ಇದ್ದು ಈಗ ಪೇಟೆಯಲ್ಲಿ ವಿಮೆಯ ದಲ್ಲಾಳಿ. ಇವರ ಹೆಸರಿನಲ್ಲಿ ಖಾಸಗಿಯಾಗಿ ಒಂದು ಪಾಲಿಸಿ ಸಿಗುತ್ತದೆಯೇ ಎಂದು ವಿಚಾರಿಸಲು ಹೇಳಿದ್ದೆವು.

ಮೀನು ಫ್ರೈ ಎಲ್ಲ ತಿಂದಾದ ಮೇಲೆ ಮಾತು ತೆಗೆದರು. "ಅಲಿಚ್ಚ, ಇದ್ದದ್ದನ್ನು ಇದ್ದ ಹಾಗೆ ಹೇಳ್ತೇನೆ, ಬೇಜಾರು ಮಾಡ್ಬೇಡಿ. ಐವತ್ತೇಳು ಪ್ರಾಯ, ಶುಗರ್ ಉಂಟು, ಸ್ಟೆಂಟ್ ಉಂಟು. ಎಲ್ಲರೂ ಆಗೂದಿಲ್ಲ ಅಂದ್ರು. ಒಬ್ರು ಮಾತ್ರ ಕೊಡ್ತಾರೆ. ಆದ್ರೆ ಹೃದಯ ಬಿಟ್ಟು."

"ಹೃದಯ ಬಿಟ್ಟು ಅಂದ್ರೆ?"

"ಹೃದಯ ಬಿಟ್ಟು ಉಳಿದದ್ದಕ್ಕೆ. ಕೈ ಮುರಿದ್ರೆ ಕೊಡ್ತಾರೆ. ಜ್ವರಕ್ಕೆ ಕೊಡ್ತಾರೆ. ಎದೆನೋವು ಬಂದ್ರೆ ಇಲ್ಲ."

"ನನ್ನ ಕೈ ಗಟ್ಟಿ ಉಂಟಲ್ಲ ಮಾರಾಯ," ಎಂದು ಇವರು ಕೈ ಮಡಚಿ ತೋರಿಸಿದರು. ಕಂತು ಎಷ್ಟೆಂದು ಕೇಳಿದಾಗ ಆ ಕೈ ಕೆಳಗಿಳಿಯಿತು. ನನ್ನ ಅರ್ಧ ವರ್ಷದ ಸಂಬಳ. ಊರಿನಲ್ಲಿ ಮಾಡಿಸೋಣವೆಂದರೆ ಅಲ್ಲಿಯೂ ಇದೇ ಕಥೆ ಎಂದು ಇವರ ತಮ್ಮ ಮಮ್ಮು ವಿಚಾರಿಸಿ ತಿಳಿಸಿದ್ದಾನೆ. ಈ ಪ್ರಾಯದಲ್ಲಿ, ಈ ಹೃದಯಕ್ಕೆ, ಹೊಸ ಪಾಲಿಸಿ ಯಾರೂ ಕೊಡುವುದಿಲ್ಲ.

"ನಾನು ವಿಮೆಯೇ ಇಲ್ಲದೆ ಇರ್ತೇನೆ. ಮಾತ್ರೆ ಮಮ್ಮು ಕಳಿಸ್ತಾನೆ."

"ಇರ್ಲಿಕ್ಕೆ ಬಿಡ್ಬೇಕಲ್ಲ ಅಲಿಚ್ಚ. ವಿಮೆ ಇಲ್ಲದೆ ಇಲ್ಲಿ ವೀಸಾವೇ ಆಗೂದಿಲ್ಲ."

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ನನ್ನ ಕಡೆ ತಿರುಗಿ ಅಂದರು: "ಜುಬೈದಕ್ಕ, ಜುಲೈಯಿಂದ ನಿಯಮ ಬದಲಾಗಿದೆ. ಹೆಂಗಸರಿಗೂ ಗಂಡನ ವೀಸಾ ಮಾಡಿಸ್ಬಹುದು. ಮೊದಲಿನ ಹಾಗೆ ಟೀಚರ್, ಡಾಕ್ಟರೇ ಆಗ್ಬೇಕು ಅಂತ ಇಲ್ಲ, ಸಂಬಳ ನಾಲ್ಕು ಸಾವಿರ ದಿರ್ಹಮ್ ಇದ್ರಾಯ್ತು. ನಿಮ್ಮ ಶಾಲೆಗೆ ದೊಡ್ಡ ಗುಂಪು ಪಾಲಿಸಿ ಉಂಟು. ಗುಂಪಿನಲ್ಲಿ ಮನೆಯವರನ್ನು ಸೇರಿಸಿದ್ರೆ ಹೃದಯ ಬೇರೆ, ಉಳಿದದ್ದು ಬೇರೆ ಅಂತ ಯಾರೂ ಮಾಡೂದಿಲ್ಲ."

ಇವರು ಜೋರಾಗಿ ನಕ್ಕರು. "ಇವಳಿಗೆ ಎರಡು ಸಾವಿರದ ಆರ್ನೂರು. ಅದನ್ನು ತೆಗೀಲಿಕ್ಕೂ ಇವಳಿಗೆ ಬರೂದಿಲ್ಲ, ಕಾರ್ಡ್ ನನ್ನ ಹತ್ರ ಉಂಟು."

ಅದು ನಿಜವೇ. ಎಟಿಎಂ ಕಾರ್ಡಿನ ನಂಬರು ನನಗೆ ಗೊತ್ತಿಲ್ಲ.

೪ ಸೆಪ್ಟೆಂಬರ್, ಬುಧವಾರ

ಬೇಸಿಗೆ ರಜೆ ಮುಗಿದು ಭಾನುವಾರ ಶಾಲೆ ಶುರುವಾಗಿದೆ. ಹೊಸ ಮಕ್ಕಳ ಅಳು ಇನ್ನೂ ಕಿವಿಯಲ್ಲಿದೆ.

ಸಿಬ್ಬಂದಿ ವ್ಯವಹಾರ ನೋಡಿಕೊಳ್ಳುವ ಪ್ಯಾಟ್ರಿಶಿಯಾ ಮ್ಯಾಡಮ್ ಅವರ ಕೋಣೆಗೆ ಇವತ್ತು ಹೋಗಿದ್ದೆ. "ಹೇಳಿ ಜುಬೈದಾ" ಅಂದರು. ತರಗತಿಗೆ ಬಣ್ಣದ ಕಾಗದ ಬೇಕಿತ್ತು ಅಂದೆ. ಅದಕ್ಕೆ ಸ್ಟೋರಿಗೆ ಹೋಗಬೇಕು, ನನಗೆ ಗೊತ್ತಿಲ್ಲದ್ದೇನಲ್ಲ. ಸ್ಟೋರಿಗೆ ಹೋಗಿ ಕಾಗದ ತೆಗೆದುಕೊಂಡು ಬಂದೆ.

೮ ಸೆಪ್ಟೆಂಬರ್, ಭಾನುವಾರ

ನಾರ್ಬರ್ಟ್ ಹೇಳಿದ್ದನ್ನು ಶೈಮಾಳಿಗೆ ಹೇಳಿಬಿಟ್ಟೆ. ಶಾಲೆಯ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತಿದ್ದಾಗ.

"ಉಮ್ಮಾ, ಜಸ್ಟ್ ಆಸ್ಕ್. ವರ್ಸ್ಟ್ ಕೇಸ್ ನೋ ಅಂತಾರೆ," ಅಂದಳು. ಅವಳ ಕನ್ನಡ ಹೀಗೆ, ನಡುನಡುವೆ ಬಂದು ಹೋಗುತ್ತದೆ.

ಇಲ್ಲ ಎಂದರೆ ಏನು ಮಾಡುವುದೆಂದು ಅವಳಿಗೆ ಗೊತ್ತಿಲ್ಲ. ಪರೀಕ್ಷೆಗೆ ಆರು ತಿಂಗಳಿರುವಾಗ ಊರಿಗೆ ಹೋದರೆ ಅವಳ ಒಂದು ವರ್ಷ ಹೋಯಿತು. ನಾನು ಅದನ್ನು ಹೇಳಲಿಲ್ಲ. ಅವಳು ಕಿವಿಗೆ ವೈರು ಸಿಕ್ಕಿಸಿಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಗೊತ್ತಿರಲೂಬಹುದು.

೯ ಸೆಪ್ಟೆಂಬರ್, ಸೋಮವಾರ

ಕೇಳಿದೆ.

ಪ್ಯಾಟ್ರಿಶಿಯಾ ಮ್ಯಾಡಮ್ ನೀರು ಕೊಟ್ಟರು. ಇವರ ಕೆಲಸ, ಸ್ಟೆಂಟ್, ಶೈಮಾಳ ಪರೀಕ್ಷೆ ಎಲ್ಲ ಹಿಂದುಮುಂದಾಗಿ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ಕೇಳಿದರು. ಬಜಪೆಯವರು, ಸಿಟ್ಟು ಬಂದಾಗ ಇಂಗ್ಲಿಷ್, ಸಮಾಧಾನದಲ್ಲಿದ್ದಾಗ ಕನ್ನಡ.

"ಸಹಾಯಕಿಗೆ ನಾಲ್ಕು ಸಾವಿರ ಕೊಡ್ಲಿಕ್ಕೆ ನಂಗೆ ಆಗೂದಿಲ್ಲ ಜುಬೈದಾ. ನಿಮಗೆ ಬಿ.ಎಡ್ ಇಲ್ಲ, ಟೀಚರ್ ಮಾಡ್ಲಿಕ್ಕೂ ಆಗೂದಿಲ್ಲ." ಸ್ವಲ್ಪ ಹೊತ್ತು ಪೆನ್ನು ತಿರುಗಿಸಿದರು. "ಬಸ್ಸುಗಳಿಗೆ ಒಬ್ಬ ಮೇಲ್ವಿಚಾರಕಿ ಬೇಕು. ಎಲ್ಲ ಬಸ್ಸಿನ ಆಯಾಗಳನ್ನು ನೋಡ್ಕೊಳ್ಬೇಕು. ಮಕ್ಕಳು ಇಳಿದ ಮೇಲೆ ಪ್ರತಿ ಬಸ್ಸಿನೊಳಗೆ ಹೋಗಿ ಸೀಟು ಸೀಟು ನೋಡ್ಬೇಕು. ಬೆಳಿಗ್ಗೆ ಐದೂವರೆಗೆ ಇಲ್ಲಿರ್ಬೇಕು. ಎಸಿ ಕೋಣೆ ಅಲ್ಲ, ಅಂಗಳದ ಬಿಸಿಲು. ಮೊದಲ ಮೂರು ತಿಂಗಳು ಒಂದು ದಿನವೂ ರಜೆ ಇಲ್ಲ. ಇಬ್ರು ಬಂದು ಬಿಟ್ಟು ಹೋದ್ರು. ಅದಕ್ಕೆ ನಾಲ್ಕು ಸಾವಿರ ಕೊಡ್ಬಹುದು. ಮನೆಯಲ್ಲಿ ಕೇಳಿ ನಾಳೆ ಹೇಳಿ."

ಆಗಲಿ ಎಂದು ಎದ್ದೆ. ಬಾಗಿಲವರೆಗೆ ಹೋಗಿ ತಿರುಗಿ ನಿಂತು, "ಮಾಡ್ತೇನೆ ಮ್ಯಾಡಮ್" ಅಂದೆ.

ಹಾಗೆ ಯಾಕೆ ಹೇಳಿದೆನೋ ತಿಳಿಯದು. ಮನೆಯಲ್ಲಿ ಕೇಳಿಯೇ ಹೇಳಬೇಕೆಂದಿದ್ದೆ.

೧೦ ಸೆಪ್ಟೆಂಬರ್, ಮಂಗಳವಾರ

ಇವರಿಗೆ ಹೇಳಿದೆ.

"ಬಸ್ಸಿನ ಹತ್ರ ನಿಲ್ಲೂದಾ? ಬಿಸಿಲಲ್ಲಿ?"

"ಹೌದು."

"ನನ್ನ ವೀಸಾ ನಿನ್ನ ಹೆಸರಿನಲ್ಲಾ?"

"ಹೌದು. ಮಾರ್ಚಿನವರೆಗೆ ತಾನೆ?"

ಇವರು ಟಿವಿಯ ಧ್ವನಿ ಜಾಸ್ತಿ ಮಾಡಿದರು.

೨೩ ಸೆಪ್ಟೆಂಬರ್, ಸೋಮವಾರ

ಬರೆಯಲು ಬಿಡುವಾಗಲಿಲ್ಲ. ಹೊಸ ಕೆಲಸ ಶುರುವಾಗಿದೆ. ನನ್ನ ವೀಸಾ ಶಾಲೆಯ ಹೆಸರಿಗೆ ಬದಲಾಗುತ್ತಿದೆ. ರಕ್ತ ಕೊಟ್ಟೆ, ಬೆರಳು ಒತ್ತಿದೆ, ಫೋಟೊ ತೆಗೆಸಿದೆ. ಫೋಟೊದಲ್ಲಿ ಸಿಟ್ಟಿನಲ್ಲಿರುವವಳ ಹಾಗೆ ಕಾಣುತ್ತೇನೆ.

ಐದು ಗಂಟೆಗೆ ಹೊರಗೆ ಕಾಲಿಟ್ಟರೂ ಬಿಸಿ ಗಾಳಿ ಮುಖಕ್ಕೆ ಹೊಡೆಯುತ್ತದೆ. ಸೆಖೆಗೆ ಬುರ್ಖಾ ಬೆನ್ನಿಗೆ ಅಂಟುತ್ತದೆ. ಆಯಾಗಳಲ್ಲಿ ಕೇರಳದವರು, ಫಿಲಿಪೈನ್ಸಿನವರು, ಶ್ರೀಲಂಕಾದವರು ಇದ್ದಾರೆ. ಡ್ರೈವರುಗಳೆಲ್ಲ ಪೇಶಾವರದ ಕಡೆಯವರು, ದೊಡ್ಡ ಗಂಟಲು. ಮೊದಲ ದಿನ ಒಬ್ಬ ಡ್ರೈವರ್ ನಾನು ಒಳಗಿರುವಾಗಲೇ ಬಸ್ಸು ಚಾಲೂ ಮಾಡಿದ. "ಬಂದ್ ಕರೋ" ಅಂದೆ. ಕೇಳಿಸಲಿಲ್ಲ. ಮತ್ತೆ ಹೇಳಿದೆ. ನನ್ನ ಧ್ವನಿ ಅಷ್ಟು ದೂರ ಹೋಗುತ್ತದೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಂಗಳದ ಪಾರಿವಾಳಗಳು ಹಾರಿದವು.

ಇವರಿಗೆ ಗೋದಾಮಿನಲ್ಲಿ ಈಗ ಕೆಲಸವಿಲ್ಲ, ಹೊಸಬನಿಗೆ ಎಲ್ಲ ವಹಿಸಿಯಾಗಿದೆ. ಬೇಗ ಮನೆಗೆ ಬಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ತೊಗರಿ, ಹೆಸರು, ಉದ್ದು ಎಂದು ಚೀಟಿ ಅಂಟಿಸಿದ್ದಾರೆ. ಕಪಾಟಿಗೆ ನಂಬರು ಕೊಟ್ಟಿದ್ದಾರೆ. ಸಾಸಿವೆ ಬೇಕೆಂದರೆ ಎರಡನೇ ಕಪಾಟು, ಮೂರನೇ ಸಾಲು. ಶೈಮಾ ನಕ್ಕು ನಕ್ಕು ಸುಸ್ತಾದಳು. ನಾನು ಸಾಸಿವೆ ಹುಡುಕಿಯೇ ಹುಡುಕಿದೆ.

೩೦ ಸೆಪ್ಟೆಂಬರ್, ಸೋಮವಾರ

ಇವತ್ತಿಗೆ ಇವರ ಕೆಲಸ ಮುಗಿಯಿತು. ವೀಸಾ ರದ್ದು. ಕಾರ್ಡು ರದ್ದು. ನನ್ನ ಹೊಸ ಕಾರ್ಡು ಇವತ್ತೇ ಬಂತು, ನನ್ನೊಬ್ಬಳದ್ದು.

ಸಂಜೆ ಅರ್ಜಿ ಬರೆದುಕೊಡುವ ಟೈಪಿಂಗ್ ಸೆಂಟರಿಗೆ ಹೋದೆವು. ಇವರದ್ದೂ ಶೈಮಾಳದ್ದೂ ನನ್ನ ಹೆಸರಿನಲ್ಲಿ ಹಾಕಬೇಕು. ಅಲ್ಲಿನವನು ಕಾಗದ ತಿರುವಿ ಹಾಕಿ, ಹೊಸ ಸಂಬಳ ಒಮ್ಮೆಯಾದರೂ ಬ್ಯಾಂಕಿಗೆ ಬಿದ್ದಿರಬೇಕು, ಆ ದಾಖಲೆ ತನ್ನಿ ಎಂದ. ಅಂದರೆ ಅಕ್ಟೋಬರ್ ಕೊನೆ. ಶೈಮಾಳ ಕಡತವನ್ನು ಅಲ್ಲಿಯವರೆಗೆ ರದ್ದು ಮಾಡದೆ ತಡೆದಿಡಬಹುದು. ಇವರದ್ದು ಆಗುವುದಿಲ್ಲ, ತಿಂಗಳೊಳಗೆ ದೇಶ ಬಿಟ್ಟು, ನನ್ನ ಹೆಸರಿನಲ್ಲಿ ಪ್ರವೇಶಪತ್ರ ಸಿಕ್ಕ ಮೇಲೆ ಮರಳಬೇಕು.

ಆ ಕೌಂಟರಿನವನು ಪ್ರಶ್ನೆಗಳನ್ನೆಲ್ಲ ಇವರಿಗೆ ಕೇಳುತ್ತಿದ್ದ. ನಾನು ಉತ್ತರ ಹೇಳುತ್ತಿದ್ದೆ. ಮತ್ತೆ ಇವರಿಗೇ ಕೇಳುತ್ತಿದ್ದ.

೭ ಅಕ್ಟೋಬರ್, ಸೋಮವಾರ

ಮಾತ್ರೆಯ ಪಟ್ಟಿ ಖಾಲಿಯಾಗಬೇಕಿತ್ತು, ಆಗಿಲ್ಲ. ತೆಗೆದು ನೋಡಿದರೆ ಅರ್ಧ ಮಾಡಿದ ಮಾತ್ರೆಗಳು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನೂ ಚಾಕುವಿನಿಂದ ಕತ್ತರಿಸಿಟ್ಟಿದ್ದಾರೆ.

"ಇದೆಂತದು?"

"ಸ್ಟಾಕ್ ಎಳೀಬೇಕಲ್ಲ."

"ಇದು ನಿಮ್ಮ ಬೋಲ್ಟ್ ಅಲ್ಲ!"

ನಾನು ಇವರ ಮೇಲೆ ಕೂಗಿದ್ದು ನೆನಪಿಲ್ಲ. ಇವತ್ತು ಕೂಗಿದೆ. ಬಸ್ಸಿನ ಅಂಗಳದ ಧ್ವನಿಯೇ ಬಂದಿರಬೇಕು, ಶೈಮಾ ಕೋಣೆಯಿಂದ ಹೊರಗೆ ಬಂದಳು. ಇವರು ತಲೆ ಬಗ್ಗಿಸಿ ಕೂತರು. "ನೀನು ಐದು ಗಂಟೆಗೆ ಹೋಗೂದು, ನಾನು ಮಲಗಿರೂದು. ನನ್ನಿಂದಾಗಿ ಇನ್ನೂ ಖರ್ಚು ಬೇಡ ಅಂತ," ಅಂದರು.

ಔಷಧಿ ಅಂಗಡಿಗೆ ಹೋಗಿ ಪೂರ್ತಿ ತಿಂಗಳಿನದ್ದು ತಂದೆ. ಎಟಿಎಂ ಕಾರ್ಡು ನನ್ನ ಚೀಲದಲ್ಲೇ ಇತ್ತು. ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಇವರಿಂದ ನಂಬರು ಕೇಳಿಕೊಂಡು ತೆಗೆದುಕೊಂಡದ್ದು, ವಾಪಸು ಕೊಡಲು ಮರೆತಿದ್ದೆ.

೧೨ ಅಕ್ಟೋಬರ್, ಶನಿವಾರ

ಮಧ್ಯಾಹ್ನ ಊಟವಾದ ಮೇಲೆ ಇವರು ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಗ್ಯಾಸ್ ಅಂದರು. ಬೆವರುತ್ತಿದ್ದರು, ಎಸಿ ಹಾಕಿದ್ದರೂ.

"ಹೊರಡಿ."

"ಎಲ್ಲಿಗೆ? ಕಾರ್ಡಿಲ್ಲ."

"ಯಲ್ಲಾ, ಹೊರಡಿ ಅಂದೆ."

ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ, "ಇದು ಗ್ಯಾಸೇ, ದುಡ್ಡು ಹಾಳು" ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ತುರ್ತು ವಿಭಾಗದವರು ಕಾರ್ಡು ಕೇಳುವ ಮೊದಲು ಇಸಿಜಿ ತೆಗೆದರು. ಅಷ್ಟು ಒಳ್ಳೆಯದಾಯಿತು. ಆಮೇಲೆ ಕಾರ್ಡು ಕೇಳಿದರು. ಇಲ್ಲ ಅಂದೆ. ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಇವರ ಹೆಸರು ಹಾಕಿ, "ರದ್ದಾಗಿದೆ" ಎಂದು ಮೆಲ್ಲಗೆ ಹೇಳಿದಳು. ಇವರು ಅಲ್ಲೇ ಗಾಲಿಕುರ್ಚಿಯಲ್ಲಿದ್ದರು. ಎಷ್ಟೋ ವರ್ಷ ಅದೇ ಕೌಂಟರಿಗೆ ಕಾರ್ಡು ತೋರಿಸಿ ಒಳಗೆ ಹೋಗುತ್ತಿದ್ದ ಮನುಷ್ಯ.

ಈಗ ಅಪಾಯವಿಲ್ಲ. ಆದರೆ ರಕ್ತನಾಳದಲ್ಲಿ ಹೊಸದಾಗಿ ಎಲ್ಲೋ ತಡೆಯಿದೆ, ಒಂದು ವಾರದೊಳಗೆ ಆಂಜಿಯೋಗ್ರಾಮ್ ಮಾಡಿಸಲೇಬೇಕು ಎಂದರು ಡಾಕ್ಟರ್. ಇಲ್ಲಿ ಕೈಯಿಂದ ಕೊಟ್ಟರೆ ಎಷ್ಟಾಗುತ್ತದೆಂದು ಬರೆದುಕೊಟ್ಟರು. ಅದನ್ನು ನೋಡಿ ಮಡಚಿ ಒಳಗಿಟ್ಟೆ. ವಿಮಾನದಲ್ಲಿ ಹೋಗಬಹುದೇ ಎಂದು ಕೇಳಿದೆ. ಎರಡು ದಿನ ಬಿಟ್ಟು ಹೋಗಬಹುದು, ಒಂಟಿಯಾಗಿ ಬೇಡ ಅಂದರು.

ಒಂಟಿಯಾಗಿ ಬೇಡ ಎಂದರೆ ಯಾರ ಜೊತೆ? ನನಗೆ ಮೂರು ತಿಂಗಳು ರಜೆಯಿಲ್ಲ. ಈಗ ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಎಲ್ಲವೂ ಹೋಗುತ್ತದೆ.

೧೩ ಅಕ್ಟೋಬರ್, ಭಾನುವಾರ

ಇವರು ಮಲಗಿದ್ದಾಗ ಎಲ್ಲ ಮಾಡಿದೆ. ಮಮ್ಮುವಿಗೆ ಫೋನು. ಮಂಗಳೂರಿನ ಆಸ್ಪತ್ರೆಯಲ್ಲಿ ಅವನು ಹೆಸರು ಬರೆಸಿದ. ನಾರ್ಬರ್ಟ್‌ಗೆ ಫೋನು. ಹೆಂಡತಿಯ ಅಣ್ಣನ ಮಗಳ ಮದುವೆಗೆ ಅವರು ಹೇಗೂ ಹೋಗುವವರಿದ್ದಾರೆ, ಎರಡು ವಾರ ಮುಂಚೆಯೇ ಹೊರಡುತ್ತೇನೆ ಅಂದರು. "ಅಲಿಚ್ಚನ ಪಕ್ಕದಲ್ಲೇ ಸೀಟು ಮಾಡಿ ಅಕ್ಕ, ನಿದ್ದೆ ಮಾಡ್ಲಿಕ್ಕೆ ಬಿಡೂದಿಲ್ಲ ನಾನು." ಇಂಥವರಿಗೆ ಸೃಷ್ಟಿಸಿದವನು ಒಳ್ಳೆಯದು ಮಾಡಲಿ.

ಎದ್ದ ಮೇಲೆ ಇವರಿಗೆ ಟಿಕೆಟ್ ತೋರಿಸಿದೆ.

"ನನ್ನನ್ನು ಕೇಳ್ಲೇ ಇಲ್ಲ ನೀನು."

"ಇಲ್ಲ."

ಟಿಕೆಟನ್ನು ಓದಿ, ಮತ್ತೆ ಓದಿ, ಅಂದರು: "ಕಿಟಕಿ ಸೀಟು ಉಂಟಾ?"

೧೫ ಅಕ್ಟೋಬರ್, ಮಂಗಳವಾರ

ಹೋದರು. ಶೈಮಾ ಉಪ್ಪನನ್ನು ಅಪ್ಪಿ ಬಿಡಲೇ ಇಲ್ಲ. ನಾನು ಮಾತ್ರೆಯ ಚೀಲವನ್ನು ನಾರ್ಬರ್ಟ್ ಕೈಗೆ ಕೊಟ್ಟೆ, ಇವರ ಕೈಗೆ ಕೊಡಲಿಲ್ಲ. "ಜಾಗ್ರತೆ" ಅಂದೆ.

೧೭ ಅಕ್ಟೋಬರ್, ಗುರುವಾರ

ಇವತ್ತಿನದ್ದು ಬರೆದಿಡಬೇಕು.

ಊರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರೆ ಎಂದು ಮಮ್ಮು ಹೇಳಿದ್ದ. ಇಲ್ಲಿ ಆಗ ಆರೂವರೆ, ಬಸ್ಸುಗಳು ಬರುವ ಸಮಯ. ಫೋನನ್ನು ಕೈಯಲ್ಲೇ ಹಿಡಿದಿದ್ದೆ. ಒಂದೊಂದು ಬಸ್ಸು ಬಂತು, ಮಕ್ಕಳು ಇಳಿದರು, ಹತ್ತಿ ನೋಡಿದೆ, ಇಳಿದೆ. ಏಳನೆಯ ಬಸ್ಸಿನ ಆಯಾ ಹೊಸಬಳು. "ಆಲ್ ಕ್ಲಿಯರ್ ಮೇಡಮ್" ಅಂದಳು. ಡ್ರೈವರ್ ಆಗಲೇ ಬಾಗಿಲು ಮುಚ್ಚಲು ಹೊರಟಿದ್ದ, ಅವನಿಗೆ ಚಹಾದ ಆತುರ. ತಡೆದು ಹತ್ತಿದೆ.

ಕೊನೆಯ ಸಾಲಿನಲ್ಲಿ, ಸೀಟಿನ ಕೆಳಗೆ ಜಾರಿ, ಚೀಲವನ್ನು ತಲೆದಿಂಬು ಮಾಡಿಕೊಂಡು ಒಂದು ಹೆಣ್ಣುಮಗು ಮಲಗಿತ್ತು. ಕೆಜಿ ಒಂದರ ಹುಡುಗಿ, ಎರಡು ಜಡೆ. ಸೀಟಿನ ಮೇಲಿಂದ ನೋಡಿದರೆ ಕಾಣುತ್ತಿರಲಿಲ್ಲ.

ಆ ಹೊತ್ತಿಗೆ ಫೋನು ಬಡಿದುಕೊಂಡಿತು. ಮಮ್ಮುವಿನ ಹೆಸರು. ಮಗು ಎಚ್ಚರವಾಗಿ ಹೆದರಿ ಅಳತೊಡಗಿತು. ಫೋನನ್ನು ಚೀಲಕ್ಕೆ ಹಾಕಿ ಮಗುವನ್ನು ಎತ್ತಿಕೊಂಡೆ. ಅದು ಬಡಿದುಕೊಳ್ಳುತ್ತಲೇ ಇತ್ತು, ನಿಂತಿತು, ಮತ್ತೆ ಶುರುವಾಯಿತು. ನಾನು ಮಗುವಿನ ಬೆನ್ನು ತಟ್ಟುತ್ತಾ ಅಂಗಳ ದಾಟಿ, ಅದರ ಟೀಚರ ಕೈಗೆ ಕೊಟ್ಟು, ನೀರು ಕುಡಿಸಿ, ಹಾಜರಿ ಹಾಕಿಸಿದೆ. ಬಸ್ಸಿಗೆ ಮರಳಿ ಆ ಆಯಾಳನ್ನೂ ಡ್ರೈವರನ್ನೂ ಒಳಗೆ ಕರೆದುಕೊಂಡು ಹೋಗಿ, ಮಗು ಎಲ್ಲಿತ್ತೆಂದು ಮಂಡಿಯೂರಿ ತೋರಿಸಿದೆ. ಬೈಯಲಿಲ್ಲ. ಆಯಾ ಅಳುತ್ತಿದ್ದಳು. ಡ್ರೈವರ್ ಎರಡೂ ಕೈ ಕಿವಿಗೆ ಮುಟ್ಟಿಸಿಕೊಂಡ. ಹೊರಗೆ ಆಗಲೇ ಬಿಸಿಲು ಕಾಯುತ್ತಿತ್ತು. ಮುಚ್ಚಿದ ಬಸ್ಸಿನಲ್ಲಿ ಮಧ್ಯಾಹ್ನದ ತನಕ ಎಂದು ಯೋಚಿಸಲಾರೆ.

ಆಮೇಲೆ ಫೋನು ತೆಗೆದೆ. "ಎಲ್ಲಿದ್ದಿ ಅತ್ತಿಗೆ, ಎಷ್ಟು ಸಲ ಮಾಡೂದು!" ಎಂದ ಮಮ್ಮು. "ಆಯ್ತು. ಒಂದು ಸ್ಟೆಂಟ್ ಹಾಕಿದ್ರು. ಹಳೇದೆರಡೂ ಸರಿ ಉಂಟು. ಎಚ್ಚರ ಇದ್ದಾನೆ. ಹಸಿವು ಅಂತಾನೆ."

ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ಡ್ರೈವರ್ ಏನೂ ಕೇಳದೆ ತನ್ನ ಚಹಾವನ್ನು ನನಗೆ ತಂದುಕೊಟ್ಟ. ತುಂಬ ಸಕ್ಕರೆ. ಕುಡಿದೆ.

೨೧ ಅಕ್ಟೋಬರ್, ಸೋಮವಾರ

ಪ್ಯಾಟ್ರಿಶಿಯಾ ಮ್ಯಾಡಮ್ ಕರೆಸಿದ್ದರು. ಆ ಹುಡುಗಿಯ ತಾಯಿ ಬಂದಿದ್ದರು. ಆಕೆ ನನ್ನ ಕೈ ಹಿಡಿದುಕೊಂಡರು. ನಾನು, ಮಗುವಿಗೆ ಬೆಳಿಗ್ಗೆ ಸರಿಯಾಗಿ ತಿನ್ನಿಸಿ ಕಳಿಸಿ, ಖಾಲಿ ಹೊಟ್ಟೆಗೆ ನಿದ್ದೆ ಜಾಸ್ತಿ ಅಂದೆ. ಪ್ಯಾಟ್ರಿಶಿಯಾ ಮ್ಯಾಡಮ್ ಕೆಮ್ಮಿದರು.

ಇನ್ನು ಮೇಲೆ ಪ್ರತಿ ಬಸ್ಸಿನಲ್ಲೂ ಆಯಾ ಹಿಂದಿನ ಸಾಲಿನಿಂದ ಬಗ್ಗಿ ನೋಡುತ್ತಾ ಮುಂದೆ ಬರಬೇಕೆಂದು ಹೇಳಿಕೊಟ್ಟಿದ್ದೇನೆ. ಸೊಂಟ ನೋವೆಂದು ಇಬ್ಬರು ಗೊಣಗಿದರು. ಗೊಣಗಲಿ.

೨ ನವೆಂಬರ್, ಶನಿವಾರ

ಸಂಬಳ ಬಿತ್ತು. ಬ್ಯಾಂಕಿನ ದಾಖಲೆ ತೆಗೆದುಕೊಂಡು ಟೈಪಿಂಗ್ ಸೆಂಟರಿಗೆ ಹೋದೆ. ಇವರಿಗೆ ಪ್ರವೇಶಪತ್ರ, ಶೈಮಾಳಿಗೆ ವೀಸಾ, ಎರಡೂ ಅರ್ಜಿ ಹಾಕಿದ್ದಾಯಿತು. ಅದೇ ಮನುಷ್ಯ. ಪಕ್ಕದಲ್ಲಿ ಯಾರೂ ಇಲ್ಲದ್ದರಿಂದ ಈ ಸಲ ನನಗೇ ಕೇಳಿದ. ಶಾಲೆಯ ಪಾಲಿಸಿಗೂ ಇಬ್ಬರ ಹೆಸರು ಕೊಟ್ಟೆ; ಕಂತನ್ನು ತಿಂಗಳು ತಿಂಗಳು ನನ್ನ ಸಂಬಳದಲ್ಲಿ ಹಿಡಿಯುತ್ತಾರೆ. ಆರೋಗ್ಯದ ಪ್ರಶ್ನೆಗಳ ಕಾಗದ ಕೊಡುತ್ತಾರೋ ಎಂದು ಕಾದೆ. ಗುಂಪಿನವರಿಗೆ ಅದೆಲ್ಲ ಇಲ್ಲವಂತೆ.

ಇವರು ದಿನಾ ಫೋನು ಮಾಡುತ್ತಾರೆ. ಮಮ್ಮುವಿನ ಮನೆಯಲ್ಲಿ ಉಪ್ಪಿಲ್ಲದ ಗಂಜಿ, ಸಂಜೆ ನೇತ್ರಾವತಿ ಸೇತುವೆಯವರೆಗೆ ನಡಿಗೆ. ಆಸ್ಪತ್ರೆಗೆ ನಿವೃತ್ತಿಯ ದುಡ್ಡಿನಲ್ಲಿ ದೊಡ್ಡದೊಂದು ಭಾಗ ಹೋಯಿತೆಂದು ಬೇಸರ.

"ಹೋಗ್ಲಿ. ಅದು ಅದಕ್ಕೇ ಬಂದದ್ದು," ಅಂದೆ.

"ನೀನು ಈಗ ಮಾತಾಡುವಾಗ ನನ್ನ ಹಳೇ ಮ್ಯಾನೇಜರನ ಹಾಗೆ ಕೇಳ್ತದೆ," ಅಂದರು.

ಆ ಮ್ಯಾನೇಜರ್ ಒಳ್ಳೆಯವನೋ ಕೆಟ್ಟವನೋ ಎಂದು ಕೇಳಲು ಮರೆತೆ. ಮೂರನೇ ಬಸ್ಸಿನ ಎಸಿ ಕೆಟ್ಟದ್ದು ತಲೆಯಲ್ಲಿತ್ತು.

೧೪ ನವೆಂಬರ್, ಗುರುವಾರ

ಪ್ರವೇಶಪತ್ರ ಬಂತು. ಮಮ್ಮುವಿಗೆ ಕಳಿಸಿದೆ. ಶೈಮಾ ರಸಾಯನಶಾಸ್ತ್ರದಲ್ಲಿ ತರಗತಿಗೇ ಮೊದಲು.

೩೦ ನವೆಂಬರ್, ಶನಿವಾರ

ಇವರು ಬಂದರು.

ಪ್ರತಿ ಸಲ ಊರಿನಿಂದ ಬರುವಾಗ ಗಾಜಿನ ಬಾಗಿಲಿನ ಆಚೆ ಇವರು ನಿಂತಿರುತ್ತಿದ್ದರು, ನಾನು ಮಗಳ ಜೊತೆ ಸಾಮಾನು ತಳ್ಳಿಕೊಂಡು ಹೊರಗೆ ಬರುತ್ತಿದ್ದೆ. ಇವತ್ತು ನಾನು ಆಚೆ ನಿಂತು ಕಾದೆ. ಬಂದವರೆಲ್ಲ ಬಂದಾದ ಮೇಲೂ ಇವರ ಸುದ್ದಿಯಿಲ್ಲ. ಶೈಮಾ ಮೂರು ಸಲ "ವೇರ್ ಈಸ್ ಹಿ?" ಅಂದಳು. ಕೊನೆಗೆ ಬಂದರು. ಸಪೂರವಾಗಿದ್ದಾರೆ, ಅಂಗಿ ದೊಗಳೆಯಾಗಿದೆ. ಕೈಯಲ್ಲಿ ಮಮ್ಮುವಿನ ಹೆಂಡತಿ ಕಟ್ಟಿಕೊಟ್ಟ ಒಣಮೀನಿನ ಕಟ್ಟು.

ಟ್ಯಾಕ್ಸಿಯಲ್ಲಿ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು:

"ಪಾಸ್‌ಪೋರ್ಟ್ ನೋಡುವವನು ಕಾಗದ ಹಿಡ್ಕೊಂಡು, ಕಫೀಲ್ ಯಾರು, ವೀಸಾ ಯಾರ ಹೆಸರಿನಲ್ಲಿ ಅಂತ ಕೇಳಿದ. ಅಭ್ಯಾಸದಲ್ಲಿ ಕಂಪೆನಿ ಹೆಸರು ಹೇಳಿದೆ. ಇಲ್ಲ, ಇದರಲ್ಲಿ ಹಾಗಿಲ್ಲ ಅಂದ. ಹೆಂಡತಿ ಅಂದೆ. ಹೆಂಡತಿಗೆ ಹೆಸರಿಲ್ವಾ ಅಂದ."

"ಮತ್ತೆ?"

"ಜುಬೈದಾ ಅಂದೆ. ಪೂರ್ತಿ ಹೇಳು ಅಂದ. ನಿನ್ನ ಬಾಪನ ಹೆಸರನ್ನೂ ಸೇರಿಸಿ ಹೇಳ್ಬೇಕಾಯ್ತು. ಹಿಂದೆ ಸಾಲಿನಲ್ಲಿ ನಮ್ಮ ಊರಿನವರೇ ಹತ್ತು ಜನ ಇದ್ರು."

ಶೈಮಾ ಮುಂದಿನ ಸೀಟಿನಲ್ಲಿ ಭುಜ ಕುಲುಕಿಸಿ ನಗುತ್ತಿದ್ದಳು. ನಾನು ನಗಲಿಲ್ಲ.

"ಅವನೆಂತ ಹೇಳಿದ?"

"ಅವನೆಂತ ಹೇಳೂದು? ಠಸ್ಸೆ ಹೊಡೆದ. ಯಲ್ಲಾ, ಅವಳು ಕಾಯ್ತಿದ್ದಾಳೆ, ಹೋಗು ಅಂದ."

ಮುಸಫ್ಫಾದ ಸೇತುವೆ ದಾಟುವಾಗ ಇವರು ಒಣಮೀನಿನ ಕಟ್ಟನ್ನು ಕಾಲಬುಡಕ್ಕೆ ಇಳಿಸಿ, "ಇನ್ನು ನಾನು ಎಂತ ಮಾಡ್ಬೇಕು?" ಎಂದು ಕೇಳಿದರು. ಮೆಡಿಕಲ್, ಬೆರಳಚ್ಚು, ಡಾಕ್ಟರ ಹತ್ತಿರ ತೋರಿಸುವುದು ಎಂದು ನಾನು ಕ್ರಮವಾಗಿ ಹೇಳುತ್ತಾ ಹೋದೆ. ಎಲ್ಲದಕ್ಕೂ ಆಯ್ತು, ಆಯ್ತು ಅಂದರು. ಹೇಳಿ ಮುಗಿಸುವಷ್ಟರಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದರು. ಮನೆಯವರೆಗೂ ನಾನು ಭುಜ ಅಲುಗಿಸಲಿಲ್ಲ.